ಬಾವುಟ ಅಂಟಿಸುವ ಮುನ್ನ ಇಸವಿ ನೋಡಿ

‘ಲೇ, ಇಂಟರ್ನಲ್ಸ್ ಹತ್ರ ಬಂತು. ನೀನು ಗೊಂಬೆಗೆ ಬಣ್ಣ ಬಳೀತಾ ಕೂತಿದ್ದೀಯಲ್ಲೋ!’

ರೂಮ್‌ಮೇಟ್‌ನ ಈ ಮಾತು ನನಗೆ ಹೊಸದಲ್ಲ. ಮೇಜಿನ ಮೇಲೆ ಸಾಲಾಗಿ ನಿಂತ 24 ಸೈನಿಕರು ಅವನ ಕಣ್ಣಿಗೆ ಗೊಂಬೆಗಳೇ. ಒಬ್ಬೊಬ್ಬನೂ ಸುಮಾರು 28 ಮಿಲಿಮೀಟರ್ ಎತ್ತರ, ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು. ನನ್ನ ಪಾಲಿಗೆ ಅವರು ಬ್ರಿಟಿಷ್ ಸೇನೆಯ 33ನೇ ಕಾಲಾಳು ರೆಜಿಮೆಂಟ್.

ಇದು ವಾರ್‌ಗೇಮಿಂಗ್ ಎಂಬ ಹವ್ಯಾಸ. ಹಿಂದೆ ನಡೆದ ಯುದ್ಧವನ್ನು ಪುಟ್ಟ ಸೇನೆಗಳು, ಅಳತೆಪಟ್ಟಿ ಮತ್ತು ದಾಳ ಇಟ್ಟುಕೊಂಡು ಮೇಜಿನ ಮೇಲೆ ನಿಯಮದ ಪ್ರಕಾರ ಆಡುವುದು. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ ಇಂಥ ಆಟಕ್ಕೊಂದು ನಿಯಮಗಳ ಪುಸ್ತಕ ಬರೆದಿದ್ದರು. ಆಟ ಒಂದು ಸಂಜೆಗೆ ಮುಗಿಯುತ್ತದೆ. ಒಂದು ರೆಜಿಮೆಂಟಿಗೆ ಬಣ್ಣ ಹಚ್ಚಲು ಮಾತ್ರ ನನಗೆ ಒಂದು ತಿಂಗಳು ಬೇಕು.

‘ಇದರಿಂದ ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ?’ ಎಂದು ಕೇಳುವವರಿದ್ದಾರೆ. ತಾಳ್ಮೆ, ಏಕಾಗ್ರತೆ ಅಂತ ರೆಸ್ಯೂಮೆಯಲ್ಲಿ ಬರೆದುಕೊಳ್ಳಬಹುದೇನೋ. ಆದರೆ ನನಗಾದ ನಿಜವಾದ ಲಾಭ ಬೇರೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂದುಕೊಳ್ಳುವ ಚಾಳಿ ನನ್ನಿಂದ ನಿಧಾನವಾಗಿ ದೂರವಾಗುತ್ತಿದೆ.

ಅದು ಶುರುವಾಗಿದ್ದು ಒಂದು ಬಾವುಟದಿಂದ. ಆ ಕಾಲದ ಬ್ರಿಟಿಷ್ ಕಾಲಾಳು ದಳ ಎರಡು ಬಾವುಟ ಹೊರುತ್ತಿತ್ತು. ಒಂದು ರಾಜನ ಹೆಸರಿನ ಯೂನಿಯನ್ ಧ್ವಜ. ಇನ್ನೊಂದು ರೆಜಿಮೆಂಟಿನದು. ಸಾಮಾನ್ಯವಾಗಿ ಸೈನಿಕರ ಕೋಟಿನ ಕಾಲರ್ ಯಾವ ಬಣ್ಣವೋ ಅದೇ ಬಣ್ಣ ಅದಕ್ಕೂ. 33ನೇ ರೆಜಿಮೆಂಟಿನ ಕಾಲರ್ ಕೆಂಪು. ಕೆಂಪು ಕಾಲರಿನವರಿಗೆ ನಿಯಮ ಬೇರೆ: ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ. ಆರಡಿಗೂ ಹೆಚ್ಚು ಉದ್ದದ ಈ ರೇಷ್ಮೆ ಬಾವುಟಕ್ಕೆ ಕೆಲಸವಿತ್ತು. ಮದ್ದಿನ ಹೊಗೆ ಕವಿದಾಗ ನಮ್ಮವರು ಎಲ್ಲಿದ್ದಾರೆ ಎಂದು ಸೈನಿಕನಿಗೆ ತಿಳಿಯುತ್ತಿದ್ದುದು ಅದರಿಂದಲೇ. ಹಾಗಾಗಿ ಶತ್ರುವಿನ ಗುರಿಯೂ ಅತ್ತಲೇ. ಅದನ್ನು ಹೊರುತ್ತಿದ್ದವರು ಎನ್‌ಸೈನ್ ಎಂಬ ಅತಿ ಕಿರಿಯ ಅಧಿಕಾರಿಗಳು. ಇಪ್ಪತ್ತು ವರ್ಷದ ನನಗಿಂತ ಚಿಕ್ಕವರೂ ಅವರಲ್ಲಿದ್ದರು.

ನಾನು ಆರಿಸಿಕೊಂಡಿದ್ದು 1799ರ ಶ್ರೀರಂಗಪಟ್ಟಣ ಮುತ್ತಿಗೆ. ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ 33ನೇ ರೆಜಿಮೆಂಟ್ ಅಲ್ಲಿತ್ತು. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಟಿಪ್ಪುವಿನ ಸೈನಿಕರೆದುರು ಹಿಮ್ಮೆಟ್ಟಿತ್ತು ಕೂಡ. ಯೂನಿಯನ್ ಧ್ವಜವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಕೋಲಿಗೆ ಸುತ್ತಿ, ಗೋಂದು ಒಣಗುವ ಮುನ್ನ ಗಾಳಿಗೆ ಹಾರುವಂತೆ ಮಡಿಕೆ ಮಾಡಿ, ಹೆಮ್ಮೆಯಿಂದ ಆಟಕ್ಕೆ ಒಯ್ದೆ. ಅಲ್ಲಿದ್ದ ಹಿರಿಯರೊಬ್ಬರು ನೋಡಿ ನಕ್ಕರು.

‘ಏನಪ್ಪಾ, ಐರ್ಲೆಂಡನ್ನ ಎರಡು ವರ್ಷ ಮೊದಲೇ ಸೇರಿಸಿಬಿಟ್ಟಿದ್ದೀಯಲ್ಲ!’

ಈಗಿನ ಯೂನಿಯನ್ ಧ್ವಜದಲ್ಲಿರುವ ಕೆಂಪು ಓರೆಗೆರೆಗಳು ಐರ್ಲೆಂಡಿನ ಗುರುತು. ಅವು ಸೇರಿದ್ದು 1801ರ ಜನವರಿ 1ರಂದು. ಅದೇ ರೆಜಿಮೆಂಟನ್ನು 1815ರ ವಾಟರ್ಲೂಗೆ ಕಳಿಸಿದ್ದರೆ ನನ್ನ ಬಾವುಟ ಸರಿ. ಶ್ರೀರಂಗಪಟ್ಟಣಕ್ಕೆ ತಪ್ಪು. ರೂಮಿಗೆ ಬಂದು ಕಿತ್ತು ಹೊಸದು ಅಂಟಿಸಿದೆ.

ಆ ತಪ್ಪಿನಿಂದಾಗಿ ಹೆಚ್ಚು ಓದತೊಡಗಿದೆ. ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ‘ಬ್ರಿಟಿಷರು ಶ್ರೀರಂಗಪಟ್ಟಣ ಗೆದ್ದರು’ ಎಂದು ಒಂದೇ ಸಾಲಿನಲ್ಲಿ ಓದಿ ಬೆಳೆದವನು ನಾನು. ಆದರೆ ಆ ಸೇನೆಯಲ್ಲಿ ಯುರೋಪಿನವರಿಗಿಂತ ಕಂಪನಿಯ ದೇಶೀ ಸಿಪಾಯಿಗಳೇ ಹೆಚ್ಚು. ಜೊತೆಗೆ ಹೈದರಾಬಾದಿನ ನಿಜಾಮನ ಪಡೆ. ಟಿಪ್ಪುವಿನ ಕಡೆಯಲ್ಲೂ ಒಂದು ಸಣ್ಣ ಫ್ರೆಂಚ್ ತುಕಡಿ ಇತ್ತು. ಹಾಗಾದರೆ ಕೆಂಪು ಕೋಟಿನ ಮೇಲಿನ ಮುಖಕ್ಕೆ ಯಾವ ಬಣ್ಣ? ನನ್ನ ಸೇನೆ ನಿಜಕ್ಕೆ ಹತ್ತಿರ ಇರಬೇಕಾದರೆ ಕಂದು ಬಣ್ಣದ ಡಬ್ಬಿಯೇ ಮೊದಲು ಖಾಲಿಯಾಗಬೇಕು.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಮ್ಮ ವಯಸ್ಸಿನವರು ಇತಿಹಾಸದ ಬಗ್ಗೆ ದಿನವೂ ಜಗಳವಾಡುತ್ತೇವೆ. ನಾವು, ಅವರು, ವೀರ, ದ್ರೋಹಿ. ಎರಡು ಪದ ಟೈಪ್ ಮಾಡಲು ಏನೂ ಗೊತ್ತಿರಬೇಕಾಗಿಲ್ಲ. ಬಣ್ಣ ಹಚ್ಚುವವನಿಗೆ ಈ ಸೌಲಭ್ಯವಿಲ್ಲ. ಅವನು ಯಾರು, ಯಾವ ವರ್ಷ, ಯಾವ ಬಟ್ಟೆ ಎಂದು ತಿಳಿಯುವವರೆಗೆ ಕುಂಚ ಅದ್ದುವ ಹಾಗಿಲ್ಲ. ಟಿಪ್ಪುವಿನ ಸೈನಿಕರ ಹುಲಿಪಟ್ಟೆ ಸಮವಸ್ತ್ರಕ್ಕಾಗಿ ದರಿಯಾ ದೌಲತ್‌ಗೆ ಹೋಗಿ ಗೋಡೆಚಿತ್ರಗಳ ಮುಂದೆ ನಿಂತಿದ್ದೆ. ಆದರೆ ಅಲ್ಲಿರುವುದು 1780ರ ಪೊಳ್ಳಿಲೂರು ಕದನ. ಬ್ರಿಟಿಷರ ಕಾಲದಲ್ಲಿ ಅದಕ್ಕೆ ಮತ್ತೆ ಬಣ್ಣವನ್ನೂ ಹಚ್ಚಿಸಲಾಗಿದೆ. ಕಣ್ಣೆದುರಿನ ಸಾಕ್ಷಿಯನ್ನೂ ಯೋಚಿಸಿಯೇ ನಂಬಬೇಕು.

ಎಲ್ಲರೂ ಈ ಹವ್ಯಾಸ ಹಿಡಿಯಿರಿ ಎನ್ನಲಾರೆ. ಇದು ಅಗ್ಗದ್ದಲ್ಲ, ಕಣ್ಣಿಗೂ ಶ್ರಮ. ಆದರೆ ಕೋಡಿಂಗ್ ಇರಲಿ, ಚರಿತ್ರೆ ಇರಲಿ, ಗೊತ್ತಿದೆ ಎನ್ನುವ ಮುನ್ನ ಒಮ್ಮೆ ಇಸವಿ ನೋಡುವ ಅಭ್ಯಾಸ ನಮಗೆಲ್ಲ ಬೇಕು.

ಮೊನ್ನೆ ರೂಮ್‌ಮೇಟ್ ಹೊಸ ಸಾಲಿನತ್ತ ಬಗ್ಗಿ ನೋಡಿದ. ಕೆಂಪು ಕೋಟು, ಬಿಳಿ ಚಡ್ಡಿ, ಕಂದು ಮುಖ.

‘ಇವ್ರು ಯಾರ ಕಡೆಯವ್ರೋ?’

‘ಕಂಪನಿ ಕಡೆ.’

‘ನಮ್ಮವ್ರ ಥರಾನೇ ಇದಾರಲ್ಲೋ’ ಎಂದವನು ಕುರ್ಚಿ ಎಳೆದುಕೊಂಡು ಕೂತ.