ಆರೈಕೆಯ ವೃತ್ತಿ ಕೀಳಲ್ಲ

ಪ್ರವಾದಿ ಮುಹಮ್ಮದ್(ಸ)ರ ಸೇವಕರಾಗಿದ್ದ ಅನಸ್(ರ)ರವರು ವರದಿ ಮಾಡಿದ ಹದೀಸೊಂದು ಸಹೀಹ್ ಮುಸ್ಲಿಮ್ ಗ್ರಂಥದಲ್ಲಿದೆ. ಬುದ್ಧಿಯಲ್ಲಿ ಏನೋ ಕೊರತೆಯಿದ್ದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದು, ತಮಗೊಂದು ಕೆಲಸವಾಗಬೇಕಿದೆ ಎನ್ನುತ್ತಾರೆ. ಪ್ರವಾದಿವರ್ಯರು ಆಕೆಯನ್ನು ಮಕ್ಕಳ ತಾಯಿಯೆಂದು ಗೌರವದಿಂದ ಸಂಬೋಧಿಸಿ, ಯಾವ ಬೀದಿಯಲ್ಲಿ ನಿಂತು ಮಾತನಾಡಬೇಕೆಂಬುದನ್ನು ಆಕೆಯ ಇಷ್ಟಕ್ಕೇ ಬಿಡುತ್ತಾರೆ. ಆಕೆಯ ಅಗತ್ಯ ಪೂರ್ಣಗೊಳ್ಳುವವರೆಗೂ ಜೊತೆಯಲ್ಲಿರುತ್ತಾರೆ. ಗೌರವ, ಆಯ್ಕೆಯ ಸ್ವಾತಂತ್ರ್ಯ, ಬಿಡುವಿಲ್ಲದವರೂ ಕೊಡುವ ಸಮಯ: ಬುದ್ಧಿಮಾಂದ್ಯರ ಆರೈಕೆಯಲ್ಲಿ ಇಂದು ಕಲಿಸುವ ಮೊದಲ ಪಾಠಗಳೂ ಇವೇ.

ಗುಂಡ್ಲುಪೇಟೆ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಇಂಥ ಆರೈಕೆಯ ತರಬೇತಿಯಲ್ಲಿದ್ದಾನೆ. ಇಪ್ಪತ್ತು ದಾಟಿದವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಹಂತಹಂತವಾಗಿ ಕಲಿಸುವುದು, ಸ್ನಾನ ಮಾಡಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟು ಬರೆದಿಡುವುದು, ಮಾತು ಬಾರದವನ ಕೂಗಿನ ಹಿಂದೆ ಹಸಿವಿದೆಯೋ ಹಲ್ಲುನೋವಿದೆಯೋ ಎಂದು ಅರಿಯುವುದು ಅವನ ಕೆಲಸ. ಮೂರ್ಛೆ ಬಂದಾಗ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುವುದು ನಮ್ಮೂರ ಪದ್ಧತಿ. ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಎಷ್ಟು ನಿಮಿಷ ಇತ್ತೆಂದು ಗಡಿಯಾರ ನೋಡಬೇಕು ಎಂಬುದನ್ನು ಅವನು ಕಲಿತಿದ್ದಾನೆ. ಆದರೆ ಬಂಧುಗಳು ಅವನ ತಾಯಿಯನ್ನು ಕೇಳುವುದು ಒಂದೇ ಪ್ರಶ್ನೆ: “ಕಂಡವರ ಮಲಮೂತ್ರ ಬಳಿಯಲಿಕ್ಕೆಂದು ಮಗನನ್ನು ಓದಿಸಿದಿರಾ?” ಅವನಿಗೆ ಹೆಣ್ಣು ಕೊಡಲೂ ಹಿಂಜರಿಯುತ್ತಾರೆ.

ಈ ಪ್ರಶ್ನೆಗೆ ನಮ್ಮ ಇತಿಹಾಸವೇ ಉತ್ತರಿಸಿದೆ. 1284ರಲ್ಲಿ ಸುಲ್ತಾನ್ ಕಲಾವೂನ್ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಸ್ಥಳವಿತ್ತು. ಅದರ ವೆಚ್ಚವನ್ನು ವಕ್ಫ್ ಆಸ್ತಿ ಭರಿಸುತ್ತಿತ್ತು. ಅಲ್ಲಿ ಹಾಸಿಗೆ ತೊಳೆದ ಕೈಗಳೂ ಮುಸ್ಲಿಮರವೇ ತಾನೇ?

ಆರೈಕೆ ಬಲ್ಲವರು ಇಲ್ಲದೆಡೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬರುವ ಮನೋರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾಗದೆ ಸುಟ್ಟುಹೋದರು. ಇಪ್ಪತ್ತೈದಕ್ಕೂ ಹೆಚ್ಚು ಜೀವಗಳು ಹೋದವು. ಸರಪಳಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಆದರೆ ಕಾನೂನು ಸರಪಳಿ ಬಿಚ್ಚಿದ ಮೇಲೆ ಆ ಕೈಯನ್ನು ಹಿಡಿಯಲು ಒಬ್ಬ ಮನುಷ್ಯ ಬೇಕಲ್ಲವೇ?

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಮನೋರೋಗ ಬೇರೆ, ಬುದ್ಧಿಮಾಂದ್ಯತೆ ಬೇರೆ. ಮೊದಲನೆಯದಕ್ಕೆ ಚಿಕಿತ್ಸೆಯುಂಟು, ಎರಡನೆಯದು ಬೆಳವಣಿಗೆಯಲ್ಲೇ ಉಳಿದ ಕೊರತೆ, ಅದಕ್ಕೆ ಬೇಕಾದದ್ದು ತಾಳ್ಮೆಯ ತರಬೇತಿ. ಎರಡನ್ನೂ ಒಂದೆಂದು ತಿಳಿದು ತಾವೀಝಿಗಾಗಿ ಊರೂರು ಅಲೆಯುವ ತಾಯಂದಿರು ಮಗುವಿನ ಕಲಿಕೆಯ ಅಮೂಲ್ಯ ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ದುಆ ಮಾಡೋಣ; ಜೊತೆಗೆ ಪರೀಕ್ಷೆಯನ್ನೂ ಮಾಡಿಸೋಣ. ಮಾತು ತಡವಾದ ಮಕ್ಕಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

“ನಮ್ಮ ಮಗುವನ್ನು ನಾವೇ ನೋಡಿಕೊಳ್ಳುತ್ತೇವೆ, ಹೊರಗಿನವರೇಕೆ?” ಎನ್ನುವವರಿದ್ದಾರೆ. ಆ ಪ್ರೀತಿ ದೊಡ್ಡದು. ಆದರೆ ಮಗನಿಗೆ ನಲವತ್ತಾಗುವ ಹೊತ್ತಿಗೆ ತಾಯಿಗೆ ಎಪ್ಪತ್ತಾಗಿರುತ್ತದೆ. ಅವನನ್ನು ಎತ್ತಿ ಕೂರಿಸುವ ಬಲ ಆಕೆಯ ತೋಳಿನಲ್ಲಿ ಉಳಿದಿರುವುದಿಲ್ಲ. “ನನ್ನ ನಂತರ ಯಾರು?” ಎಂಬ ಆತಂಕದಲ್ಲೇ ಎಷ್ಟು ತಾಯಂದಿರು ತಹಜ್ಜುದ್‌ನಲ್ಲಿ ಅಳುತ್ತಿರಬಹುದು! ಬುದ್ಧಿಬಲವಿಲ್ಲದವರ ಸಂಪತ್ತನ್ನು ಕಾಪಾಡಿ, ಅದರಿಂದ ಅವರಿಗೆ ಉಣಬಡಿಸಿ, ಉಡಿಸಿ, ಅವರೊಡನೆ ಒಳ್ಳೆಯ ಮಾತನಾಡಬೇಕೆಂದು ಸೂರಃ ಅನ್ನಿಸಾ ಆದೇಶಿಸುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಹದಿನೆಂಟು ದಾಟಿದ ಬುದ್ಧಿಮಾಂದ್ಯರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಅದೇ ಟ್ರಸ್ಟಿನ ‘ನಿರಾಮಯ’ ಯೋಜನೆ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ನೀಡುತ್ತದೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣೀಕೃತರಾದವರಿಗೆ 2016ರ ಕಾಯ್ದೆ ವಿಶೇಷ ಸೌಲಭ್ಯಗಳನ್ನು ಕಲ್ಪಿಸಿದೆ. ಈ ಅರ್ಜಿಗಳನ್ನು ತುಂಬಿಸಿಕೊಡುವ ಒಂದು ಮೇಜು ನಮ್ಮ ಮಸೀದಿಗಳ ವರಾಂಡದಲ್ಲೇಕೆ ಇರಬಾರದು?

ಆರೈಕೆಯ ಕೆಲಸದಲ್ಲಿ ಸಂಬಳ ಕಡಿಮೆ, ದಣಿವು ಹೆಚ್ಚು ಎಂಬುದು ನಿಜ. ಅದಕ್ಕಾಗಿಯೇ ಸಮುದಾಯದ ಬೆಂಬಲ ಬೇಕು. ಎಂಜಿನಿಯರಿಂಗ್ ಓದುವವನಿಗೆ ವಿದ್ಯಾರ್ಥಿವೇತನ ಕೊಡುವ ಜಮಾಅತ್, ವಿಶೇಷ ಶಿಕ್ಷಣದ ಡಿ.ಎಡ್. ಓದಬಯಸುವ ಹೆಣ್ಣುಮಗಳಿಗೂ, ಆರೈಕೆಯ ತರಬೇತಿ ಪಡೆಯುವ ಹುಡುಗನಿಗೂ ಕೊಡಲಿ. ಜನಾಝಾ ನಮಾಝಿನಂತೆ ಇದೂ ಫರ್ಝ್ ಕಿಫಾಯಾ ಎಂಬುದು ನನ್ನ ಅಭಿಪ್ರಾಯ: ಕೆಲವರು ನಿರ್ವಹಿಸಿದರೆ ಎಲ್ಲರ ಹೊಣೆ ನೀಗುತ್ತದೆ, ಯಾರೂ ನಿರ್ವಹಿಸದಿದ್ದರೆ ಎಲ್ಲರೂ ಉತ್ತರಿಸಬೇಕಾಗುತ್ತದೆ.

ವಿವೇಕ ಮರಳುವವರೆಗೆ ಬುದ್ಧಿ ಕಳೆದುಕೊಂಡವನ ಕರ್ಮಗಳನ್ನು ದಾಖಲಿಸುವ ಲೇಖನಿ ಎತ್ತಲ್ಪಟ್ಟಿದೆಯೆಂದು ಹದೀಸ್ ತಿಳಿಸುತ್ತದೆ. ಅವನಿಗೆ ಲೆಕ್ಕವಿಲ್ಲ. ಅವನ ವಿಷಯದಲ್ಲಿ ಲೆಕ್ಕ ಇರುವುದು ನಮಗೆ. ಆ ಲೆಕ್ಕವನ್ನು ಹಗುರಗೊಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ, ಆಮೀನ್.