ಕೈಯಲ್ಲಿ ಕುಂಚ, ಪಕ್ಕದಲ್ಲಿ ಲೋಟ

ಶಾಲೆ ಬಿಟ್ಟ ಮೇಲೆ ಕುಂಚ ಹಿಡಿಯದ ಇಪ್ಪತ್ತು ಮೂವತ್ತು ಮಂದಿ ದೊಡ್ಡವರಿಂದ ಎರಡೇ ಗಂಟೆಯಲ್ಲಿ ಒಂದೊಂದು ಚಿತ್ರ ಬರೆಸಬಹುದೇ? ಅಮೆರಿಕದಲ್ಲಿ ಇದೇ ಒಂದು ವ್ಯಾಪಾರ. ಸಂಜೆ ಸ್ನೇಹಿತರು ಗುಂಪಾಗಿ ಬಂದು, ಹಣ ಕೊಟ್ಟು, ಏಪ್ರನ್ ಕಟ್ಟಿಕೊಂಡು ಸಾಲಾಗಿ ಕೂರುತ್ತಾರೆ. ಎದುರಿಗೆ ಸಾಮಾನ್ಯವಾಗಿ 16 ಅಂಗುಲ ಅಗಲ, 20 ಅಂಗುಲ ಎತ್ತರದ ಬಿಳಿ ಕ್ಯಾನ್ವಾಸು, ತಟ್ಟೆಯಲ್ಲಿ ನಾಲ್ಕೈದು ಬಣ್ಣ, ಕುಂಚ ತೊಳೆಯುವ ನೀರು. ಪಕ್ಕದಲ್ಲೇ ವೈನಿನ ಲೋಟ. ನೀರೆಂದು ವೈನಿಗೆ ಕುಂಚ ಅದ್ದುವವರೂ ಉಂಟು!

2007ರಲ್ಲಿ ಲೂಸಿಯಾನ ರಾಜ್ಯದ ಮ್ಯಾಂಡೆವಿಲ್ ಎಂಬ ಊರಿನಲ್ಲಿ ಇಬ್ಬರು ಮಹಿಳೆಯರು ಇಂಥ ಸ್ಟುಡಿಯೋ ತೆರೆದರು. ಕತ್ರಿನಾ ಚಂಡಮಾರುತ ಆ ಸೀಮೆಯನ್ನು ಹಾಳುಗೆಡವಿ ಆಗಿನ್ನೂ ಎರಡು ವರ್ಷ. ಬೇಸತ್ತ ಜನಕ್ಕೆ ಎರಡು ಗಂಟೆಯ ಮರೆವು ಬೇಕಿತ್ತು. ಅದೇ ಮುಂದೆ ‘ಪೇಂಟಿಂಗ್ ವಿತ್ ಎ ಟ್ವಿಸ್ಟ್’ ಎಂಬ ಹೆಸರಿನಲ್ಲಿ ಊರೂರಿಗೆ ಹಬ್ಬಿತು.

ಕಲಿಸುವ ಕ್ರಮ ನೋಡುವಂಥದು. ಶಿಕ್ಷಕಿ ಮುಗಿದ ಚಿತ್ರವೊಂದನ್ನು ಎದುರಿಗೆ ಇಟ್ಟಿರುತ್ತಾರೆ. ಎಲ್ಲರೂ ಬರೆಯುವುದು ಅದನ್ನೇ. ಮೊದಲು ದೊಡ್ಡ ಕುಂಚದಿಂದ ಇಡೀ ಆಕಾಶ. ಆಮೇಲೆ ದೂರದ ಬೆಟ್ಟ, ಹತ್ತಿರದ ಮರ, ಕಡೆಗೆ ಸಣ್ಣ ಕುಂಚದಿಂದ ಎಲೆ, ಬೆಳಕು. ಆಕ್ರಿಲಿಕ್ ಬಣ್ಣ ಬೇಗ ಒಣಗುವುದರಿಂದ ಒಂದೇ ಸಂಜೆಯಲ್ಲಿ ಪದರದ ಮೇಲೆ ಪದರ ಹಚ್ಚಬಹುದು; ಎಣ್ಣೆಬಣ್ಣವಾದರೆ ದಿನಗಟ್ಟಲೆ ಕಾಯಬೇಕು. ಗೆರೆ ತಪ್ಪಿದರೆ ರಬ್ಬರು ಬೇಡ, ಒಣಗಿದ ಮೇಲೆ ಮತ್ತೊಂದು ಬಣ್ಣ ಬಳಿದರಾಯಿತು.

ಇಲ್ಲಿ ಬಹಳ ಬೇಡಿಕೆಯ ಚಿತ್ರ ವಾನ್ ಗೋನ ‘ನಕ್ಷತ್ರಗಳ ರಾತ್ರಿ’. 1889ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ, ಕಿಟಕಿಯಾಚೆ ಕಂಡ ನಸುಕಿನ ಆಕಾಶಕ್ಕೆ ಕಲ್ಪನೆಯ ಊರೊಂದನ್ನು ಸೇರಿಸಿ ಆತ ಬರೆದದ್ದು. ಆ ಏಕಾಂತದ ಕೃತಿಯನ್ನು ಒಂದು ಕೋಣೆ ತುಂಬ ಜನ ಹರಟುತ್ತಾ ನಕಲು ಮಾಡುವುದೆಂದರೆ ಕಲಾವಿದರಿಗೆ ಕಸಿವಿಸಿ. ಅದೂ ಸಹಜವೇ. ಆದರೆ ಆಕಾಶದ ಆ ಸುಳಿಯನ್ನು ಒಮ್ಮೆ ತನ್ನ ಕೈಯಿಂದಲೇ ತಿರುಗಿಸಿದವನು ಮೂಲಚಿತ್ರದ ಮುಂದೆ ಇನ್ನಷ್ಟು ಹೊತ್ತು ನಿಂತಾನು.

ಅಷ್ಟಕ್ಕೂ ವೈನೇಕೆ? ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬ ಹಳೆಯ ಹೆದರಿಕೆ ಸಡಿಲಾಗಲೆಂದು. ಅಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಮಕ್ಕಳಿಗೆ, ಮಕ್ಕಳೊಡನೆ ತಂದೆತಾಯಿಗೆ ಬೇರೆ ತರಗತಿಗಳಿವೆ, ವೈನಿಲ್ಲದೆ. ಐದು ವರ್ಷದ ಮಗುವಿಗೆ ಧೈರ್ಯ ಕುಡಿಸಬೇಕಾಗಿಲ್ಲ. ನೀಲಿ ಆನೆ ಬರೆದು ಮನೆಯವರಿಗೆಲ್ಲ ತೋರಿಸಿ ಬರುತ್ತದೆ. ಹನ್ನೆರಡರ ಹೊತ್ತಿಗೆ ಅದೇ ಮಗು ಪಕ್ಕದವರ ಹಾಳೆ ನೋಡಿ ತನ್ನದನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತದೆ. ನಡುವೆ ಯಾರೋ ‘ಇದು ಆನೆಯೋ ಎಮ್ಮೆಯೋ’ ಎಂದು ನಕ್ಕಿರುತ್ತಾರೆ.

ಈ ಸಂಜೆಗಳು ಈಗ ಬೆಂಗಳೂರಿಗೂ ಬಂದಿವೆ. ಪರೀಕ್ಷೆ ಹತ್ತಿರವಾದಾಗ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತದ ಮೇಷ್ಟರಿಗೆ ಬಿಟ್ಟುಕೊಟ್ಟು ಬೆಳೆದವರು ಈಗ ದುಡ್ಡು ಕೊಟ್ಟು ಕುಂಚ ಹಿಡಿಯುತ್ತಿದ್ದಾರೆ. ಮನೆಯಲ್ಲೇ ಮಕ್ಕಳೊಡನೆ ಕೂರುವುದಾದರೆ ಹಳೆಯ ಪತ್ರಿಕೆ ಹಾಸಿ, ಹಳೆಯ ಅಂಗಿ ತೊಡಬೇಕು. ಆಕ್ರಿಲಿಕ್ ಒಣಗಿತೆಂದರೆ ಬಟ್ಟೆಯಿಂದ ಹೋಗುವುದು ಕಷ್ಟ. ಕುಂಚವನ್ನಂತೂ ಕೂಡಲೇ ತೊಳೆದಿಡಬೇಕು.