ಕಾವಲಿಗಿದ್ದವನು ಯಾರು?

ಮನುಷ್ಯದೇಹದ ಪ್ರತಿಯೊಂದು ಜೀವಕೋಶವೂ ಒಂದು ಪುಟ್ಟ ಕೋಟೆ. ಕೊಬ್ಬಿನಂಶದ ತೆಳುಪೊರೆಯೇ ಅದರ ಗೋಡೆ. ಅದರ ದಪ್ಪ ಮಿಲಿಮೀಟರಿನ 2 ಲಕ್ಷದಲ್ಲೊಂದು ಪಾಲಿನಷ್ಟು. ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಮುಂತಾದ ಲವಣಗಳ ಕಣಗಳು ವಿದ್ಯುದಂಶವನ್ನು ಹೊತ್ತಿರುತ್ತವೆ. ಇವಕ್ಕೆ ಅಯಾನುಗಳೆಂದು ಹೆಸರು. ಇವು ಗೋಡೆಯನ್ನು ತಾವಾಗಿ ದಾಟಲಾರವು. ಇವುಗಳ ಸಂಚಾರಕ್ಕೆಂದೇ ಪ್ರೋಟೀನಿನಿಂದಾದ ಬಾಗಿಲುಗಳು ಗೋಡೆಯಲ್ಲಿ ಅಲ್ಲಲ್ಲಿ ಇರುತ್ತವೆ. ವಿಜ್ಞಾನಿಗಳು ಇವನ್ನು ಅಯಾನು ನಾಳಗಳೆಂದು ಕರೆಯುತ್ತಾರೆ. 1976ರಲ್ಲಿ ಜರ್ಮನಿಯ ನೇಹರ್ ಮತ್ತು ಸಾಕ್ಮನ್ ಎಂಬಿಬ್ಬರು, ಕೂದಲಿಗಿಂತ ಸೂಕ್ಷ್ಮವಾದ ಗಾಜಿನ ನಳಿಗೆಯ ತುದಿಯನ್ನು ಜೀವಕೋಶಕ್ಕೆ ಒತ್ತಿ ಹಿಡಿದು, ಒಂದೇ ಒಂದು ಬಾಗಿಲು ತೆರೆದು ಮುಚ್ಚುವಾಗ ಹರಿಯುವ ವಿದ್ಯುತ್ತನ್ನು ಅಳೆದು ತೋರಿಸಿದರು. 1991ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಈ ಬಾಗಿಲುಗಳಿಗೂ ಚರ್ಮದ ಕ್ಯಾನ್ಸರಿಗೂ ಏನು ನಂಟು? ಚರ್ಮದ ಮೇಲ್ಪದರದ ತಳದಲ್ಲಿ, ಮೈಗೆ ಬಣ್ಣ ಕೊಡುವ ವರ್ಣಕೋಶಗಳು ನೆಲೆಸಿವೆ. ಇವು ಅಂಕೆ ಮೀರಿ ಬೆಳೆದಾಗ ಮೆಲನೋಮ ಎಂಬ ಕ್ಯಾನ್ಸರ್ ಹುಟ್ಟುತ್ತದೆ. ಮಿಕ್ಕ ಚರ್ಮದ ಕ್ಯಾನ್ಸರುಗಳಿಗಿಂತ ಇದು ವಿರಳ. ಆದರೆ ರಕ್ತದಲ್ಲಿಯೂ ದುಗ್ಧರಸದಲ್ಲಿಯೂ ಸೇರಿ ದೂರದ ಅಂಗಗಳಲ್ಲಿ ಬೇರೂರುವ ಶಕ್ತಿಯುಳ್ಳದ್ದು. ರೋಗಿಯ ಪ್ರಾಣಕ್ಕೆ ಸಂಚಕಾರ ತರುವುದು ಬಹುಮಟ್ಟಿಗೆ ಈ ವಲಸೆಯೇ.

1998ರಲ್ಲಿ ಅಮೆರಿಕದ ಸಂಶೋಧಕರು ಒಂದು ಜೀನನ್ನು, ಎಂದರೆ ವಂಶವಾಹಿಯನ್ನು, ಗುರುತಿಸಿದರು. ನಿರಪಾಯಕರವಾದ ಮಚ್ಚೆಗಳಲ್ಲಿ ಅದು ಚುರುಕಾಗಿತ್ತು; ಬೇರೆಡೆಗೆ ಹರಡಿದ ಮೆಲನೋಮದಲ್ಲಿ ಸದ್ದಡಗಿತ್ತು. ಹರಡುವಿಕೆಯನ್ನು ತಡೆಯುವ ಕಾವಲುಗಾರ ಇದೇ ಇರಬೇಕೆಂಬ ಆಸೆ ಮೂಡಿತು. ಅದಕ್ಕೆ ತಕ್ಕಂತೆ ಮೆಲಸ್ಟಾಟಿನ್ ಎಂಬ ಹೆಸರೂ ಬಂದಿತು. ಈ ಜೀನಿನಿಂದ ಸಿದ್ಧವಾಗುವ ಪ್ರೋಟೀನು ಅಯಾನುಗಳ ಬಾಗಿಲುಗಳ ಒಂದು ದೊಡ್ಡ ಮನೆತನಕ್ಕೆ ಸೇರಿದ್ದೆಂದು ಕಂಡುಬಂದಿತು. ಆ ಮನೆತನದ ಮೊದಲ ಬಾಗಿಲು ಪತ್ತೆಯಾದದ್ದು ಹಣ್ಣಿನ ನೊಣದ ಕಣ್ಣಿನಲ್ಲಿ. ಪುದೀನದ ತಂಪನ್ನು ನಾಲಿಗೆಗೆ ಅರುಹುವ ಬಾಗಿಲು ಸಹ ಮೆಲಸ್ಟಾಟಿನ್ನಿನ ದಾಯಾದಿಯೇ.

ಆದರೆ ಮುಂದೆ ಬಂದ ಸುದ್ದಿಗಳು ಬೇರೆಯೇ ಕಥೆಯನ್ನು ಹೇಳಿದವು. ಅಪ್ಪಲೂಸಾ ಎಂಬ ಚುಕ್ಕೆಮೈಯ ಕುದುರೆಗಳಲ್ಲಿ, ಚುಕ್ಕೆಯ ಗುಣವನ್ನು ತಾಯಿತಂದೆಗಳಿಬ್ಬರಿಂದಲೂ ಪಡೆದವಕ್ಕೆ ಇರುಳುಗುರುಡು ಇರುತ್ತದೆ. ಇದಕ್ಕೆ ಮೆಲಸ್ಟಾಟಿನ್ನಿನ ನಂಟಿದೆಯೆಂದು 2008ರಲ್ಲಿ ತಿಳಿಯಿತು. ಮರುವರ್ಷವೇ, ಹುಟ್ಟಿನಿಂದ ಇರುಳುಗುರುಡಿರುವ ಕೆಲವು ಮನುಷ್ಯರಲ್ಲಿಯೂ ಇದೇ ಜೀನು ಕೆಟ್ಟಿರುವುದು ಗೋಚರವಾಯಿತು. ಎಂದರೆ, ಆ ಬಾಗಿಲಿನ ನಿಜವಾದ ಉದ್ಯೋಗ ಕಣ್ಣಿನಲ್ಲಿ! ಹಾಗಾದರೆ ಚರ್ಮದಲ್ಲಿ ಕಾವಲಿಗಿದ್ದವನು ಯಾರು?

ಉತ್ತರ 2010ರಲ್ಲಿ ದೊರೆಯಿತು. ಸಂಶೋಧಕರು ಮೆಲನೋಮದ ಕೋಶಗಳಲ್ಲಿ ಮೆಲಸ್ಟಾಟಿನ್ ಪ್ರೋಟೀನನ್ನು ತಗ್ಗಿಸಿ ನೋಡಿದರು. ಆಕ್ರಮಣದ ಗುಣದಲ್ಲಿ ವ್ಯತ್ಯಾಸವಾಗಲಿಲ್ಲ. ಆ ಜೀನಿನ ಒಳಗೆ, ಪ್ರೋಟೀನಿನ ರಚನೆಗೆ ಬಾರದ ಒಂದು ತುಣುಕಿನಲ್ಲಿ, ಮೈಕ್ರೋ ಆರ್.ಎನ್.ಎ. 211 ಎಂಬ ಅತಿ ಚಿಕ್ಕ ಅಣುವಿನ ಬರಹ ಅಡಗಿತ್ತು. ಇದನ್ನು ಹೆಚ್ಚಿಸಿದಾಗ ಕೋಶಗಳ ಆಕ್ರಮಣ ತಗ್ಗಿತು. ಯಜಮಾನನಿಗೆ ಸಂದ ಕೀರ್ತಿ ವಾಸ್ತವವಾಗಿ ಮನೆಯೊಳಗಣ ಬಾಡಿಗೆದಾರನದು. ಜೀನು ಮೌನವಾದಾಗ ಇಬ್ಬರೂ ಒಟ್ಟಿಗೆ ಮೌನವಾಗುತ್ತಿದ್ದುದರಿಂದ ಒಬ್ಬನನ್ನು ಕಂಡು ಇನ್ನೊಬ್ಬನೆಂದು ಭ್ರಮಿಸುವಂತಾಗಿತ್ತು. ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ.

ಹಾಗೆಂದು ಬಾಗಿಲುಗಳನ್ನೆಲ್ಲ ನಿರ್ದೋಷಿಗಳೆಂದು ಬಿಟ್ಟುಬಿಡುವಂತೆಯೂ ಇಲ್ಲ. ಕೋಶದ ಒಳಗೂ ಹೊರಗೂ ಅಯಾನುಗಳ ಹಂಚಿಕೆ ಸಮವಾಗಿರದ ಕಾರಣ ಗೋಡೆಯ ಎರಡು ಬದಿಗಳ ನಡುವೆ ಕೆಲವು ಹತ್ತು ಮಿಲಿವೋಲ್ಟುಗಳ ವಿದ್ಯುದಂತರವಿರುತ್ತದೆ. 2011ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದವರು ಗೊದಮೊಟ್ಟೆಗಳ ಮೇಲೆ ಪ್ರಯೋಗ ನಡೆಸಿದರು. ಕೆಲವು ಕೋಶಗಳ ಕ್ಲೋರೈಡಿನ ಬಾಗಿಲನ್ನು ಔಷಧದಿಂದ ತೆರೆದಿಟ್ಟು ಈ ಅಂತರವನ್ನು ಕುಗ್ಗಿಸಿದರು. ಒಡನೆಯೇ ವರ್ಣಕೋಶಗಳು ಮಿತಿಮೀರಿ ಹೆಚ್ಚಿದವು. ಆಕಾರ ಬದಲಿಸಿ, ಕವಲೊಡೆದು, ತಮಗೆ ಸಲ್ಲದ ಸ್ಥಳಗಳಿಗೆ ನುಗ್ಗಿದವು. ಅವುಗಳ ಜೀನುಗಳನ್ನು ಯಾರೂ ಕೆಡಿಸಿರಲಿಲ್ಲ. ಇನ್ನೂ ಸೋಜಿಗವೆಂದರೆ, ಬಾಗಿಲು ತೆರೆದದ್ದು ವರ್ಣಕೋಶಗಳದ್ದಲ್ಲ, ಬೇರೆ ಕೋಶಗಳದ್ದು! ಸೆರಟೋನಿನ್ ಎಂಬ ರಾಸಾಯನಿಕದ ಮೂಲಕ ಆ ದುರ್ವಾರ್ತೆ ಇವಕ್ಕೆ ಮುಟ್ಟಿತ್ತು. ಗೊದಮೊಟ್ಟೆಯಲ್ಲಿ ಕಂಡದ್ದು ಮನುಷ್ಯನ ಮೆಲನೋಮವಲ್ಲ, ನಿಜ. ಆದರೂ ಕೋಶದ ನಡತೆಯನ್ನು ನೆರೆಹೊರೆಯ ವಿದ್ಯುತ್ ಸ್ಥಿತಿಯೂ ತಿದ್ದಬಲ್ಲದು, ಕೆಡಿಸಬಲ್ಲದು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಈ ಬಾಗಿಲುಗಳ ಕೀಲಿಕೈಯನ್ನೇ ಮೆಲನೋಮಕ್ಕೆ ಮದ್ದಾಗಿಸುವ ಪ್ರಯತ್ನ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅಲ್ಲಿಯವರೆಗೆ, ಬೇಗ ಗುರುತಿಸಿ ಶಸ್ತ್ರಕ್ರಿಯೆಯಿಂದ ತೆಗೆದುಹಾಕುವುದೇ ಅತ್ಯಂತ ಭರವಸೆಯ ದಾರಿ. ಕಪ್ಪು ಮತ್ತು ಕಂದು ಮೈಬಣ್ಣದವರಲ್ಲಿ ಈ ರೋಗ ಅಪರೂಪ. ಬಂದಾಗ ಅನೇಕ ವೇಳೆ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ ತಲೆದೋರುತ್ತದೆ. ಬಿಸಿಲು ಬೀಳದ ಜಾಗವೆಂದು ಅಲ್ಲಿ ಯಾರೂ ಹುಡುಕುವುದಿಲ್ಲ. ಮುಳ್ಳು ಚುಚ್ಚಿದ್ದೋ ಪೆಟ್ಟಾದದ್ದೋ ಎಂದು ತಿಂಗಳುಗಟ್ಟಲೆ ಸುಮ್ಮನಿರುವುದೂ ಉಂಟು. ಹೊಸದಾಗಿ ಮೂಡಿದ ಕಪ್ಪು ಕಲೆ, ಅಂಚು ಕೆಟ್ಟು ಹರಡುತ್ತಿರುವ ಮಚ್ಚೆ, ಬಣ್ಣ ಬದಲಿಸುವ ಅಥವಾ ರಕ್ತ ಒಸರುವ ಮಚ್ಚೆ, ಇಂಥವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸತಕ್ಕದ್ದು. ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುವ ಮನೆಗಳಲ್ಲಿ ಅಂಗಾಲನ್ನು ತಿರುಗಿಸಿ ನೋಡಲು ಅರೆನಿಮಿಷ ಸಾಕು.